ಹಂಪಮ್ಮ ಎನ್ನುವ ಹೆಸರು

ಬಳ್ಳಾರಿ ಸೀಮೆಯಲ್ಲಿ ಒಬ್ಬರ ಹೆಸರು ಕೇಳಿದರೆ ಸಾಕು, ಅವರ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂಬುದು ಅರ್ಧ ಗೊತ್ತಾಗುತ್ತದೆ. ಕುರುಗೋಡಿನ ಸುತ್ತ ದೊಡ್ಡಬಸಪ್ಪ, ದೊಡ್ಡಬಸಮ್ಮ ಸಿಕ್ಕರೆ ಅದು ಅಲ್ಲಿನ ದೊಡ್ಡಬಸವೇಶ್ವರನ ಹೆಸರು. ಈರಮ್ಮ, ಉರುಕುಂದಮ್ಮ ಎಂದರೆ ಸಿರುಗುಪ್ಪದಿಂದ ಗಡಿ ದಾಟಿ ಕರ್ನೂಲು ಜಿಲ್ಲೆಯ ಉರುಕುಂದ ಈರಣ್ಣನಿಗೆ ಹೋಗಿಬರುವ ಮನೆ. ದುರುಗಮ್ಮ ಎಂದರೆ ಬಳ್ಳಾರಿಯ ಕನಕದುರ್ಗಮ್ಮ, ಹುಲಿಗೆಮ್ಮ ಎಂದರೆ ಹುಲಿಗಿ. ಎರ್ರಿಸ್ವಾಮಿ, ಎರ್ರೆಮ್ಮ ಎಂದರೆ ಚೇಳ್ಳಗುರ್ಕಿಯ ಎರ್ರಿತಾತ. ತೆಲುಗಿನಲ್ಲಿ ‘ವೆರ್ರಿ’ ಎಂದರೆ ಹುಚ್ಚು. ನಮ್ಮಲ್ಲಿ ಆ ಹೆಸರಿಗೆ ಕೈಮುಗಿಯುತ್ತಾರೆ. ಹೊನ್ನೂರಪ್ಪನೂ ಇದ್ದಾನೆ, ಹೊನ್ನೂರಸಾಬನೂ ಇದ್ದಾನೆ. ಇನ್ನು ಹಂಪಯ್ಯ, ಹಂಪಣ್ಣ, ಹಂಪಮ್ಮ ಎಂದರೆ ಕೇಳುವುದೇ ಬೇಡ.

ಈ ಹೆಸರುಗಳು ಗಂಡುಮಕ್ಕಳಿಗೆ ಹೇಗೋ ಇನ್ನೂ ಉಳಿದುಕೊಂಡಿವೆ. ಹೆಣ್ಣುಮಕ್ಕಳ ತೊಟ್ಟಿಲಿನಿಂದ ಮಾತ್ರ ಹೆಚ್ಚುಕಡಿಮೆ ಇಳಿದುಹೋಗಿವೆ. ಈಗ ಹುಟ್ಟುವವರು ಆದ್ಯಾ, ಅನ್ವಿ, ತನ್ವಿ, ಶ್ರೀನಿಕಾ. ಹೀಗಿರುವಾಗ ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಒಂದು ಜಗಳ ನಡೆದಿದೆ. ನನ್ನ ತಮ್ಮನಿಗೆ ಹೆಣ್ಣುಮಗು ಹುಟ್ಟಿದೆ. ಅದಕ್ಕೆ ಹೋದ ವರ್ಷ ತೀರಿಕೊಂಡ ನಮ್ಮಜ್ಜಿಯ ಹೆಸರು, ಹಂಪಮ್ಮ, ಇಡಬೇಕೋ ಬೇಡವೋ?

ಇಡೋಣ ಎಂದವಳು ತಮ್ಮನ ಹೆಂಡತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಇಂಗ್ಲಿಷಿನಲ್ಲಿ ಓದಿದ ಹುಡುಗಿ. ನಾವೆಲ್ಲ ಅವಳ ಮುಖ ನೋಡಿದೆವು. “ನಾನು ಈ ಮನೀಗೆ ಬಂದಾಗ ದಿನಾ ‘ಉಂಡೇನವ್ವಾ’ ಅಂತ ಕೇಳಿದಾಕಿ ಆಯಮ್ಮ ಒಬ್ಬಾಕೇನೆ” ಎಂದಳು. ಅವಳ ವಾದ ಅಷ್ಟೇ. ಮುಂದೆ ಮಾತಾಡಲಿಲ್ಲ.

ಬೇಡ ಎಂದವಳು ನಮ್ಮಮ್ಮ. ಅವಳ ಕಷ್ಟ ಬೇರೆಯದು. ನಲವತ್ತು ವರ್ಷ ಅತ್ತೆಯ ಹೆಸರನ್ನು ಬಾಯಲ್ಲಿ ಆಡದವಳು ಅವಳು. ಹಂಪಿಗೆ ಹೋಗಬೇಕಾದರೂ “ಅವ್ರ ಹೆಸ್ರಿನ ಊರು” ಎನ್ನುತ್ತಿದ್ದಳು. “ಕೂಸು ಹಟ ಮಾಡಿದ್ರೆ ಬೈಯೋದು ಹೆಂಗ? ಅತ್ತಿ ಹೆಸ್ರು ಹಿಡಿದು ಬೈಲೇನು?” ಎಂದು ಕೇಳಿದಳು. ನಾವು ನಕ್ಕೆವು, ಅವಳು ನಗಲಿಲ್ಲ. ಇಂಥ ಮನೆಗಳಲ್ಲಿ ಅಜ್ಜಿಯ ಹೆಸರಿಟ್ಟ ಕೂಸನ್ನು ಅವ್ವಿ, ಅಮ್ಮಣ್ಣಿ, ಸಣ್ಣಮ್ಮ ಎಂದೆಲ್ಲ ಕರೆದು ದಾಟಿಸಿಬಿಡುತ್ತಾರೆ. ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು.

ತಮ್ಮನ ಹೆದರಿಕೆ ಬೆಂಗಳೂರಿನದು. ಅಲ್ಲಿ ರಸ್ತೆಯ ಉಬ್ಬಿಗೆ ‘ಹಂಪ್’ ಎನ್ನುತ್ತಾರೆ. “ಸ್ಕೂಲ್ನಾಗೆ ಹುಡುಗ್ರು ಸುಮ್ನೆ ಬಿಡ್ತಾವೇನಕ್ಕಾ?” ಎಂದ. ಇದು ತಮಾಷೆಯ ಮಾತಲ್ಲ, ಮಕ್ಕಳು ನಿಜಕ್ಕೂ ಬಿಡುವುದಿಲ್ಲ. ಅಪ್ಪ ರಾಜಿಗೆ ಬಂದ: “ಪಂಪಾ ಅಂತ ಇಡ್ರಿ. ಅವ್ವನ ಹೆಸ್ರೂ ಆತು, ಕೇಳೋಕೂ ಚಂದ.” ಕೂಡಲೇ ಎಲ್ಲರೂ ತಲೆಯಾಡಿಸಿದರು. ಅಜ್ಜಿಯ ಹೆಸರಿಗೆ ಮುಖ ಗಂಟಿಕ್ಕಿದ್ದ ನಮ್ಮ ಚಿಕ್ಕಮ್ಮ ಕೂಡ “ಪಂಪಾ, ಎಷ್ಟು ಛಲೋ ಐತೆ” ಎಂದಳು.

ನನಗೆ ಸೋಜಿಗವಾದದ್ದು ಇಲ್ಲಿ. ಪಂಪಾ, ಹಂಪಮ್ಮ ಎರಡೂ ಒಂದೇ ಹೆಸರು. ಪಂಪೆ ತುಂಗಭದ್ರೆಯ ಹಳೆಯ ಹೆಸರು. ಹೇಮಕೂಟದಲ್ಲಿ ತಪಸ್ಸು ಮಾಡಿ ವಿರೂಪಾಕ್ಷನನ್ನು ಒಲಿಸಿಕೊಂಡ ದೇವಿಯ ಹೆಸರು. ಹಳಗನ್ನಡದ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪಳ್ಳಿ ಹಳ್ಳಿಯಾದ ಹಾಗೆ ಪಂಪೆ ಹಂಪೆಯಾಯಿತು. ಅಂದರೆ ಹಂಪಮ್ಮ ಎನ್ನುವುದು ಪಂಪಾ ಎನ್ನುವುದರ ಕೆಟ್ಟ ರೂಪವಲ್ಲ, ಕನ್ನಡ ತನ್ನ ನಾಲಗೆಗೆ ಒಗ್ಗಿಸಿಕೊಂಡ ರೂಪ. ಆದರೂ ಶಾಲೆಗೆ ಸೇರಿಸುವಾಗ ಎಷ್ಟೋ ಹಂಪಮ್ಮಂದಿರನ್ನು ಮೇಷ್ಟರುಗಳು ಪಂಪಾವತಿ ಎಂದು ಬರೆದುಕೊಂಡರು. ಮನೆಯಲ್ಲಿ ಹಂಪಮ್ಮ, ರಿಜಿಸ್ಟರಿನಲ್ಲಿ ಪಂಪಾವತಿ. ಒಂದಕ್ಷರದ ಈ ವ್ಯತ್ಯಾಸದಲ್ಲಿ ಓದಿದವರು ಮತ್ತು ಓದದವರ ನಡುವಿನ ದೂರ ಇದೆ.

ಹಾಗಾಗಿ ಜನ ಬೇಡವೆನ್ನುವುದು ಹೆಸರಿನ ಸದ್ದನ್ನಲ್ಲ, ಅದನ್ನು ಹೊತ್ತವರನ್ನು ಎಂದು ನನಗನ್ನಿಸುತ್ತದೆ. ಚಿಕ್ಕಮ್ಮ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಯೇಬಿಟ್ಟಳು: “ಪಾತ್ರೆ ತೊಳೆಯೋಕೆ ಬರೋ ಆಕೀ ಹೆಸ್ರು ಅದು.” ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಜರಿ ಕೂಗುವಾಗ ದುರುಗಮ್ಮ ಎಂದರೆ ತಗ್ಗಿದ ದನಿಯಲ್ಲಿ “ಎಸ್ ಮೇಡಂ” ಬರುತ್ತದೆ. ಅದೇ ಹುಡುಗಿ ಇನ್‌ಸ್ಟಾಗ್ರಾಮಿನಲ್ಲಿ ದುರ್ಗಾ. ‘ಅಮ್ಮ’ ಬಿಟ್ಟರೆ ದೇವಿ, ಹಚ್ಚಿದರೆ ಹಳ್ಳಿ. ಹುಟ್ಟಿದ ಕೂಸಿಗೇ ಅಮ್ಮ ಎಂದು ಗೌರವ ಕೊಡುತ್ತಿದ್ದ ಪದ್ಧತಿ ಈಗ ಹುಡುಗಿಯರಿಗೆ ಹೊರೆಯಾಗಿದೆ.

ಹಳೆಯ ಹೆಸರಿನ ಈ ಪೇಚಾಟ ನಮ್ಮದು ಮಾತ್ರ ಅಲ್ಲ. ಸ್ವೀಡನ್ನಿನಲ್ಲಿ ‘ನೂರು ವರ್ಷದ ನಿಯಮ’ ಎಂಬ ಮಾತಿದೆ: ಒಂದು ಹೆಸರು ಮರೆಯಾಗಿ, ಮತ್ತೆ ಹೊಸದಾಗಿ ಕೇಳಿಸಲು ಸುಮಾರು ನೂರು ವರ್ಷ ಬೇಕು ಎಂದು. ಅಮ್ಮಂದಿರ ಹೆಸರು ಹಳತಾಗಿ ಕಾಣುತ್ತದೆ, ಅಜ್ಜಿಯರದು ಇನ್ನೂ ಹಳತು, ಮುತ್ತಜ್ಜಿಯರದು ಮಾತ್ರ ಚಂದ. ಆಸ್ಟ್ರಿಡ್, ಆಲ್ಮಾ, ಸೆಲ್ಮಾ ಎಂಬ ಮುದುಕಿಯರ ಹೆಸರುಗಳು ಅಲ್ಲಿ ಮತ್ತೆ ತೊಟ್ಟಿಲಿಗೆ ಬಂದಿವೆ. ಸೆಲ್ಮಾ ಎಂದರೆ 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಮಹಿಳೆ ಸೆಲ್ಮಾ ಲಾಗರ್ಲಾಫ್. ಆಸ್ಟ್ರಿಡ್ ಎಂದರೆ 1907ರಲ್ಲಿ ಹುಟ್ಟಿದ ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್. ಆ ಹೆಸರಿನಲ್ಲೂ ಒಬ್ಬ ಹಳೆಯ ದೇವರಿದ್ದಾನೆ. ‘ದೇವರಂಥ ಚೆಲುವೆ’ ಎಂಬಂಥ ಅರ್ಥ.

ಆ ಲೆಕ್ಕದಲ್ಲಿ ನಮ್ಮಲ್ಲಿ ಸರೋಜಾ, ಸುಜಾತಾ ಹಳತಾಗಿ ಹಂಪಮ್ಮನ ಸರದಿ ಬರಬೇಕಿತ್ತು. ಬರುವುದಿಲ್ಲ. ಸ್ವೀಡನ್ನಿನವರಿಗೆ ಮುತ್ತಜ್ಜಿ ಎಂದರೆ ಗೋಡೆಯ ಮೇಲಿನ ಫೋಟೊ. ನಮಗೆ ಹಂಪಮ್ಮ ಇನ್ನೂ ಕಳೆದುಹೋದ ಕಾಲವಲ್ಲ. ಇವತ್ತೂ ಸಿರುಗುಪ್ಪದ ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ನಾಟುತ್ತಿದ್ದಾಳೆ, ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಕಡೆ ತಲೆಯ ಮೇಲೆ ಬಾಣಲಿ ಹೊತ್ತಿದ್ದಾಳೆ. ಕಣ್ಣೆದುರಿಗೆ ದುಡಿಯುತ್ತಿರುವವಳ ಹೆಸರನ್ನು ಅವಳಿಗಿಂತ ಸ್ವಲ್ಪ ಮೇಲೇರಿದವರು ತಮ್ಮ ಮಗುವಿಗೆ ಇಡಲು ಹಿಂಜರಿಯುತ್ತಾರೆ.

ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಹುಟ್ಟಿದ ಕೂಸುಗಳು ಉಳಿಯದಿದ್ದಾಗ, ಮುಂದಿನದಾದರೂ ಯಾರ ಕಣ್ಣಿಗೂ ಬೀಳದಿರಲಿ ಎಂದು ತಿಪ್ಪೆಯಲ್ಲಿ ಹೊರಳಾಡಿಸಿ ತಿಪ್ಪಮ್ಮ ಎಂದು ಕರೆದರು. ಅದರಲ್ಲಿ ಸಂಕಟ ಇದೆ, ಪ್ರೀತಿಯೂ ಇದೆ. ಆದರೆ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂದು ಸಾಕಮ್ಮ ಎಂದಿಟ್ಟರಲ್ಲ, ಅದರಲ್ಲಿ ಇರುವುದು ಬೇಸರ ಮಾತ್ರ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಸಾ’, ಅಂದರೆ ‘ಬೇಡವಾದವಳು’, ಎಂಬ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರಲ್ಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಅಂಥ ಹೆಸರು ಮುತ್ತಜ್ಜಿಯದೇ ಆಗಿದ್ದರೂ ತರಬಾರದು. ಹಳೆಯ ಹೆಸರನ್ನು ಅಳೆಯುವುದಾದರೆ ಹೀಗೆ ಅಳೆಯಬೇಕು: ಇಟ್ಟವರು ಆ ಕೂಸನ್ನು ಬೇಕು ಎಂದಿದ್ದರೋ, ಬೇಡ ಎಂದಿದ್ದರೋ?

‘ಅಮ್ಮ’ ಎಂದರೆ ಹಿಂದುಳಿದದ್ದು ಎನ್ನುವವರಿಗೆ ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನು ನೆನಪಿಸಬೇಕು. ಹುಟ್ಟಿದಾಗ ಗಂಡುಮಗುವೆಂದು ಬೇರೆ ಹೆಸರಿಟ್ಟಿದ್ದರು. ಅದನ್ನು ಬಿಟ್ಟು ಮಂಜಮ್ಮನಾಗಲು ಅವರು ಮನೆ, ಊರು ಎಲ್ಲ ಕಳೆದುಕೊಳ್ಳಬೇಕಾಯಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದೂ, 2021ರಲ್ಲಿ ಪದ್ಮಶ್ರೀ ಪಡೆದದ್ದೂ ಆ ಹೆಸರಿನಲ್ಲೇ. ನಮ್ಮ ಊರಿಗೂ ಇದೇ ಕತೆ. ಇಂಗ್ಲಿಷಿನವರು ‘ಬೆಲ್ಲಾರಿ’ ಎಂದು ಬರೆದದ್ದನ್ನು ಬಿಟ್ಟು, ನಾವು ಆಡುವ ಬಳ್ಳಾರಿಯನ್ನೇ ಇಂಗ್ಲಿಷಿನಲ್ಲೂ ಬರೆಯಲು 2014ರ ನವೆಂಬರ್ 1ರ ತನಕ ಕಾಯಬೇಕಾಯಿತು.

ನನ್ನ ವಾದಕ್ಕೆ ಒಂದು ಅಡ್ಡಿ ಇದೆ, ಅದು ಸಣ್ಣದಲ್ಲ. ಅಭಿಮಾನ ನಮ್ಮದು, ಶಾಲೆಯಲ್ಲಿ ಕೂರುವುದು ಕೂಸು. ಮೊದಲಾಗಿದ್ದರೆ ಮೇಷ್ಟರು ಹೆಸರು ತಿದ್ದಿಕೊಳ್ಳುತ್ತಿದ್ದರು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಪುಣ್ಯಕ್ಕೆ ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ನಮ್ಮ ಕೂಸಿನ ಪತ್ರದಲ್ಲಿ ಆ ಜಾಗ ಇನ್ನೂ ಖಾಲಿ ಇದೆ.

ಬರುವ ತಿಂಗಳು ತೊಟ್ಟಿಲು. ಸೋದರತ್ತೆ ನಾನೇ, ಕಿವಿಯಲ್ಲಿ ಹೆಸರು ಹೇಳಬೇಕಾದವಳು. ನನ್ನ ಮಾತು ಕೇಳುವುದಾದರೆ ಹಂಪಮ್ಮ ಎಂದೇ ಬರೆಸಬೇಕು, ಪಂಪಾ ಎಂದಲ್ಲ. ಅವ್ವಿ ಎಂದು ಕರೆಯಲು ಅಮ್ಮನಿಗೆ ಯಾರ ಅಡ್ಡಿಯೂ ಇಲ್ಲ. ಹದಿನೆಂಟು ತುಂಬಿದ ಮೇಲೆ ಬೇಡವೆನಿಸಿದರೆ ಹುಡುಗಿಯೇ ಬದಲಿಸಿಕೊಳ್ಳಲಿ, ಅದಕ್ಕೆ ಕಾನೂನಿನಲ್ಲಿ ದಾರಿ ಇದೆ. ಶಾಲೆಯಲ್ಲಿ ಯಾರಾದರೂ ಹಂಪ್ ಎಂದು ನಕ್ಕರೆ ಏನು ಹೇಳಬೇಕು ಎಂಬುದನ್ನು ಮಾತ್ರ ಅದಕ್ಕೂ ಮುಂಚೆ ನಾವು ಅವಳಿಗೆ ಕಲಿಸಿರಬೇಕು: ಅದು ನಮ್ಮ ಹೊಳೆಯ ಹೆಸರು ಎಂದು.