ರಾಯಿಕೋಡಿನ ಹೊಲದಲ್ಲಿ ಇಂದ್ರಗೋಪ

ಜಹೀರಾಬಾದಿನಿಂದ ರಾಯಿಕೋಡಿನತ್ತ ಹೊರಟವರಿಗೆ ದಾರಿಯುದ್ದಕ್ಕೂ ತೊಗರಿ, ಹತ್ತಿಗಳ ಹೊಲಗಳು ಜೊತೆಗೊಡುತ್ತವೆ. ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಹಿಂದೆ ಬೀದರ ಜಿಲ್ಲೆಯವೇ ಆಗಿದ್ದವು. 1956ರ ನವೆಂಬರ್ 1ರಂದು ಗಡಿ ಸರಿಯಿತು. ಜನ ಇದ್ದಲ್ಲಿಯೇ ಉಳಿದರು. ಅವರ ನಾಲಗೆಯ ಮೇಲೆ ಇಂದಿಗೂ ಮೂರು ಭಾಷೆಗಳು ನೆಲೆಸಿವೆ.

ಇದರ ಸವಿಯನ್ನು ನಾನು ಕಂಡದ್ದು ಮೃಗಶಿರಾ ಮಳೆ ಸುರಿದ ಮರುದಿನ ಬೆಳಿಗ್ಗೆ, ಅಲ್ಲಿಯ ಒಂದು ಹೊಲದ ಬದುವಿನಲ್ಲಿ. ಹಸಿ ಮಣ್ಣಿನ ಮೇಲೆ ಮಖಮಲ್ಲಿನ ಕೆಂಪು ಗುಂಡಿಯೊಂದು ಹರಿದಾಡುತ್ತಿತ್ತು.

“ಆರುದ್ರ ಪುರುಗು!” ಎಂದ ಮನೆಯ ಹುಡುಗ.

“ಬೀರ್‌ಬಹುಟಿ ಅಂತಾರ್ರಿ ಇದಕ್ಕ. ತುಳೀಬ್ಯಾಡ್ರಿ,” ಎಂದರು ಅವನ ಅಜ್ಜ.

ನನಗೆ ನೆನಪಾದದ್ದು ನಮ್ಮ ಗ್ರಂಥಗಳ ಇಂದ್ರಗೋಪ. ಮೂರು ಹೆಸರು, ಜೀವ ಒಂದೇ.

ಹುಡುಗ ಅದನ್ನು ಅಂಗೈಗೆತ್ತಿಕೊಂಡ. ಅದು ಕಾಲು ಮಡಚಿ ಸತ್ತಂತೆ ನಟಿಸಿತು. ಮತ್ತೆ ಚಲಿಸಿದಾಗ ಎಣಿಸಿ, “ಹುಳಕ್ಕ ಆರು ಕಾಲು ಅಂತ ಸಾಲ್ಯಾಗ ಹೇಳ್ಯಾರ. ಇದಕ್ಕ ಎಂಟು ಅದಾವಲ್ಲ?” ಎಂದ. ಅವನ ಲೆಕ್ಕ ಸರಿ. ಇಂದ್ರಗೋಪ ಕೀಟವಲ್ಲ; ಜೇಡ, ಚೇಳು, ಉಣ್ಣಿಗಳ ಬಳಗಕ್ಕೆ ಸೇರಿದ ನುಸಿ. ಆದರೆ ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು! ಅದು ಮಿಡತೆಯಂಥ ಕೀಟದ ಮೈಗೆ ಅಂಟಿ ದೇಹರಸ ಹೀರಿ, ಬಳಿಕ ಮಣ್ಣಿಗಿಳಿದು ರೂಪ ಬದಲಿಸಿ, ಉಳಿದ ಎರಡು ಕಾಲುಗಳನ್ನು ಪಡೆಯುತ್ತದೆ. ಬೆಳೆದದ್ದು ಗೆದ್ದಲನ್ನೂ ಕೀಟಗಳ ಮೊಟ್ಟೆಗಳನ್ನೂ ತಿನ್ನುತ್ತದೆ. ವರ್ಷದ ಬಹುಕಾಲ ನೆಲದೊಳಗೇ ಅಡಗಿದ್ದು, ಮೊದಲ ಮಳೆಗಳ ಕೆಲವೇ ದಿನ ಹೊರಬರುತ್ತದೆ. ಮನುಷ್ಯನನ್ನು ಕಚ್ಚುವುದಿಲ್ಲ. ಆ ಕೆಂಪು ಬಣ್ಣ, ‘ನಾನು ರುಚಿಯಿಲ್ಲ’ ಎಂದು ಹಕ್ಕಿಗಳಿಗೆ ಕೊಟ್ಟ ಎಚ್ಚರಿಕೆ.

“ಎಲ್ಲಕ್ಕಿಂತ ಹೆಚ್ಚು ಕಾಲು ಯಾವುದಕ್ಕ ಅದಾವ್ರಿ?” ಹುಡುಗನ ಮುಂದಿನ ಪ್ರಶ್ನೆ. ಸಹಸ್ರಪದಿ ಎಂಬ ಹೆಸರು ಬಹುಕಾಲ ಬರಿಯ ಉತ್ಪ್ರೇಕ್ಷೆಯೇ ಆಗಿತ್ತು. ಪಶ್ಚಿಮ ಆಸ್ಟ್ರೇಲಿಯದ ನೆಲದಾಳದಲ್ಲಿ ಸಿಕ್ಕ, 1,306 ಕಾಲುಗಳ ಸಹಸ್ರಪದಿಯನ್ನು ವಿಜ್ಞಾನಿಗಳು 2021ರಲ್ಲಿ ವರ್ಣಿಸಿದ ಮೇಲೆಯೇ ಹೆಸರು ನಿಜವಾಯಿತು.

ಅಜ್ಜ ಮಾತ್ರ ನಗಲಿಲ್ಲ. “ನಾವು ಸಣ್ಣವರಿದ್ದಾಗ ಇವನ್ನ ಬೊಗಸೀಲೆ ಆರಿಸ್ತಿದ್ದಿವ್ರಿ. ಈಗ ಒಂದು ಕಂಡರ ಮಂದೀನ ಕರದು ತೋರಸ್ತೀವಿ,” ಎಂದರು. ಎಣ್ಣೆ ತೆಗೆದು ಔಷಧಿಗೆಂದು ಮಾರಲು ಇವನ್ನು ಆರಿಸುವವರುಂಟು. ಹತ್ತಿಗೆ ಹೊಡೆಯುವ ವಿಷಕ್ಕಾದರೂ ಮಿತ್ರ-ಶತ್ರುಗಳ ಭೇದ ತಿಳಿಯದು. ಇದೇ ಸೀಮೆಯ ಪಸ್ತಾಪುರದಲ್ಲಿ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ರಾಸಾಯನಿಕಗಳಿಲ್ಲದೆ, ಒಂದೇ ಹೊಲದಲ್ಲಿ ಹಲವು ಧಾನ್ಯ ಬೆಳೆದು ತೋರಿಸಿದ್ದಾರೆ. ಬೇರೆ ದಾರಿ ಇಲ್ಲವೆನ್ನುವಂತಿಲ್ಲ.

ಹುಡುಗ ಅದನ್ನು ಬದುವಿನ ಹುಲ್ಲಿನಲ್ಲಿ ಮೆಲ್ಲಗೆ ಬಿಟ್ಟ. ಮನೆಗೆ ಮರಳುವಾಗ, “ಕನ್ನಡದಾಗ ಏನಂದ್ರಿ ಅದಕ್ಕ?” ಎಂದು ಇನ್ನೊಮ್ಮೆ ಕೇಳಿದ. ಹೇಳಿದೆ. ಇಂದ್ರಗೋಪ, ಇಂದ್ರಗೋಪ ಎನ್ನುತ್ತ ಮುಂದೆ ಓಡಿದ.