ವೋಲ್ಟೇಜ್ ಮತ್ತು ಸವಕಳಿ

ನಮ್ಮ ಮನೆಯ ಕಂಪ್ಯೂಟರ್ ನನ್ನೊಬ್ಬನದಲ್ಲ. ಸಂಜೆ ಅಬ್ಬಾ ಅದರಲ್ಲಿ ಅಂಗಡಿಯ ಲೆಕ್ಕವನ್ನು ಎಕ್ಸೆಲ್‌ಗೆ ಹಾಕುತ್ತಾರೆ. ಇಶಾ ನಮಾಜಿನ ನಂತರ ಅದು ನನ್ನದು, ಗೇಮ್‌ಗೆ. ಒಳಗಿರುವುದು ರೈಜೆನ್ 5 2600. ಅದರ ಮೂಲ ವೇಗ 3.4 ಗಿಗಾಹರ್ಟ್ಸ್, ತಾನಾಗಿಯೇ ಏರಿದರೆ ಹೆಚ್ಚೆಂದರೆ 3.9. ನನಗೆ 4.1 ಬೇಕಿತ್ತು.

ಏಪ್ರಿಲ್ ರಜೆಯಲ್ಲಿ, ಆ ಸೆಕೆಯಲ್ಲಿ, ಬಯೋಸ್‌ಗೆ ಹೋಗಿ ವೋಲ್ಟೇಜನ್ನು ಒಮ್ಮೆಲೇ 1.45ಕ್ಕೆ ಏರಿಸಿದೆ. ಎರಡು ದಿನ ನಾನೇ ರಾಜ. ಮೂರನೇ ದಿನ ಅಬ್ಬಾ ತಿಂಗಳ ಲೆಕ್ಕ ಹಾಕುತ್ತಿದ್ದಾಗ ಸ್ಕ್ರೀನ್ ಕಪ್ಪಾಯಿತು. "ಕ್ಯಾ ಹುವಾ ಬೇಟಾ?" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಕೂತು ರಾತ್ರಿ ಹನ್ನೆರಡರವರೆಗೆ ಬಿಲ್ಲುಗಳನ್ನು ಮತ್ತೆ ಟೈಪ್ ಮಾಡಿದೆವು.

ಆಮೇಲೆ ಓದಿದೆ. ಚಿಪ್ಪನ್ನು ಸವೆಸುವುದು ಬರೀ ವೇಗವಲ್ಲ, ಹೆಚ್ಚಾಗಿ ವೋಲ್ಟೇಜು ಮತ್ತು ಬಿಸಿ. ವೋಲ್ಟೇಜ್ ಏರಿಸಿದರೆ ವಿದ್ಯುತ್ ಬಳಕೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಿಸಿಯಲ್ಲಿ ಜಾಸ್ತಿ ಕರೆಂಟ್ ಹರಿದರೆ ಒಳಗಿನ ಸೂಕ್ಷ್ಮ ತಂತಿಗಳ ಲೋಹದ ಪರಮಾಣುಗಳೇ ನಿಧಾನವಾಗಿ ಜಾಗ ಬಿಟ್ಟು ಸರಿಯುತ್ತವೆ. ಅಕೌಂಟೆನ್ಸಿಯಲ್ಲಿ ಸವಕಳಿ ಲೆಕ್ಕಕ್ಕೆ ಯಂತ್ರದ ಆಯುಷ್ಯ 10 ವರ್ಷ ಎಂದು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಇಲ್ಲಿ ಆ ಅಂಕಿಯನ್ನು ತಿದ್ದುತ್ತಿದ್ದವನು ನಾನೇ.

ಫ್ಯಾನಿನ ಧೂಳು ತೆಗೆದೆ (ಅಮ್ಮಿಯ ಹಳೆಯ ಬ್ರಷ್), ಥರ್ಮಲ್ ಪೇಸ್ಟ್ ಹೊಸದು ಹಾಕಿದೆ. ಈ ಸಲ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಒಂದು ಗಂಟೆ ಟೆಸ್ಟ್ ಓಡಿಸಿದೆ. ಈಗ ಆರೂ ಕೋರ್‌ಗಳು 3.8ರಲ್ಲಿ, ವೋಲ್ಟೇಜ್ 1.25. ಬಿಸಿ 80 ಡಿಗ್ರಿ ದಾಟಿದರೆ ಇನ್ನೂ ಇಳಿಸುತ್ತೇನೆ. ಗೇಮ್‌ನಲ್ಲಿ 4.1ಕ್ಕೂ ಇದಕ್ಕೂ ವ್ಯತ್ಯಾಸ ನನ್ನ ಕಣ್ಣಿಗೆ ಕಾಣುತ್ತಿಲ್ಲ.

ಅಬ್ಬಾ ಮಾತ್ರ ಈಗಲೂ ಪ್ರತಿ ಸಾಲಿಗೂ ಒಮ್ಮೆ ಸೇವ್ ಒತ್ತುತ್ತಾರೆ.