ಹುಲ್ಲುದಿಬ್ಬದ ರಸಿಕರು

ಜೋಹಾನ್ಸ್‌ಬರ್ಗಿನಿಂದ ಹೊರಟು ಪ್ರಿಟೋರಿಯ ಇನ್ನೇನು ಬಂತು ಎನ್ನುವಷ್ಟರಲ್ಲಿ ಸೆಂಚೂರಿಯನ್ ಎಂಬ ಪಟ್ಟಣ ಎದುರಾಗುತ್ತದೆ. ದಕ್ಷಿಣ ಆಫ್ರಿಕವನ್ನು ನೋಡಲು ಬಂದವರು ಸಿಂಹ, ಜಿರಾಫೆಗಳನ್ನು ಅರಸಿಕೊಂಡು ಮುಂದೆ ಸಾಗುತ್ತಾರೆಯೇ ಹೊರತು ಇಲ್ಲಿ ಇಳಿಯುವವರು ವಿರಳ. ಇಳಿದವರು ಪ್ರಾಯಶಃ ಕ್ರಿಕೆಟ್ಟಿನ ಹುಚ್ಚು ಹಿಡಿದವರೇ ಇರಬೇಕು. ಇಲ್ಲಿನ ಮೈದಾನಕ್ಕೆ ಒಂದು ಪಾರ್ಶ್ವದಲ್ಲಿ ಎತ್ತರವಾದ ಪೆವಿಲಿಯನ್. ಉಳಿದ ಸುತ್ತೆಲ್ಲ ಹಸಿರು ಹುಲ್ಲಿನ ಇಳಿಜಾರು. ಕ್ರಿಸ್‌ಮಸ್ಸಿನ ಮರುದಿನ, ಆ ನಾಡಿನ ನಡುಬೇಸಗೆಯಲ್ಲಿ, ಟೆಸ್ಟ್ ಪಂದ್ಯ ಆರಂಭವಾಯಿತೆಂದರೆ ಸಂಸಾರ ಸಮೇತರಾಗಿ ಬಂದ ಜನ ಆ ಇಳಿಜಾರಿನ ಮೇಲೆ ಜಮಖಾನೆ ಹಾಸಿ, ಕೊಡೆ ಬಿಡಿಸಿ, ಕೆಂಡದ ಮೇಲೆ ಮಾಂಸ ಸುಡುತ್ತ ಕೂರುತ್ತಾರೆ. ಈ ಸುಡುವ ಕಾರ್ಯಕ್ಕೆ ಅಲ್ಲಿ ‘ಬ್ರಾಯ್’ ಎಂದು ಹೆಸರು. ಆಟಕ್ಕಾಗಿ ಬ್ರಾಯೋ, ಬ್ರಾಯ್‌ಗಾಗಿ ಆಟವೋ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಅಪರಾಹ್ನ ಕಳೆಯುತ್ತಲೇ ಎತ್ತರದ ಬಯಲಿನ ಕಡೆಯಿಂದ ಗುಡುಗುಮೋಡ ಏಳುತ್ತದೆ, ಜಮಖಾನೆಗಳು ಮಡಿಚಿಕೊಳ್ಳುತ್ತವೆ.

ಈ ಊರಿನ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. 1967ರಿಂದ 1995ರವರೆಗೆ ಇದಕ್ಕೆ ವೆರ್ವೂರ್ಡ್‌ಬರ್ಗ್ ಎಂದು ಹೆಸರಿತ್ತು. ವೆರ್ವೂರ್ಡ್ ಎಂದರೆ ವರ್ಣಭೇದ ನೀತಿಯನ್ನು ಶಾಸ್ತ್ರವನ್ನಾಗಿ ಮಾಡಿ ಆಳಿದ ಪ್ರಧಾನಿ. ಟೆಲಿವಿಷನ್ನನ್ನು ಆತ ಅಣುಬಾಂಬು, ವಿಷಾನಿಲಗಳ ಸಾಲಿಗೆ ಸೇರಿಸಿದ್ದ: ಅವೂ ಆಧುನಿಕ ವಸ್ತುಗಳೇ, ಹಾಗೆಂದ ಮಾತ್ರಕ್ಕೆ ಮನೆಗೆ ತಂದುಕೊಳ್ಳಬೇಕೇ ಎಂಬುದು ಅವನ ವಾದ. ಈಗ ಊರಿನಿಂದ ಅವನ ಹೆಸರು ಹೋಗಿದೆ; ಊರಿನ ಮೈದಾನಕ್ಕೆ ಸೂಪರ್‌ಸ್ಪೋರ್ಟ್ ಪಾರ್ಕ್ ಎಂಬ ಹೆಸರು ಬಂದಿದೆ. ಸೂಪರ್‌ಸ್ಪೋರ್ಟ್ ಎಂಬುದು ಒಂದು ಟೆಲಿವಿಷನ್ ವಾಹಿನಿ! ಕಾಲಪುರುಷನಿಗೂ ಹಾಸ್ಯಪ್ರಜ್ಞೆ ಇದೆಯೆನ್ನಬೇಕು.

ಆ ದಿಬ್ಬದ ಮೇಲೆ ಎಪ್ಪತ್ತು ದಾಟಿದ ರಸಿಕ ಮಹಾಶಯರೊಬ್ಬರು ಕುಳಿತಿದ್ದಾರೆಂದು ಇಟ್ಟುಕೊಳ್ಳಿ. ಅವರಿಗೆ ಹೆಸರು ಬೇಡ. ಅಂಥವರು ಅಲ್ಲಿ ಸಾವಿರ ಮಂದಿ. ತಲೆಯ ಮೇಲೆ ಅಗಲವಾದ ಹ್ಯಾಟು, ಕೈಯಲ್ಲಿ ಬಿಲ್ಟಾಂಗ್ ಎಂಬ ಒಣಮಾಂಸದ ಪೊಟ್ಟಣ. ವಿಕೆಟ್ಟು ಬಿತ್ತೆಂದರೆ ಮೈದಾನದ ಕಡೆ ಅರೆಕ್ಷಣ ನೋಡಿ, ಮರುಕ್ಷಣವೇ ದೊಡ್ಡ ತೆರೆಯ ಕಡೆ ಕತ್ತು ಹೊರಳಿಸುತ್ತಾರೆ. ದುಡ್ಡು ಕೊಟ್ಟು, ಬಿಸಿಲಿನಲ್ಲಿ ಬೆಂದು, ಕಣ್ಣೆದುರಿನಲ್ಲೇ ನಡೆದುದನ್ನು ಮತ್ತೆ ಟೆಲಿವಿಷನ್ನಿನಲ್ಲಿ ನೋಡಿದ ಹೊರತು ಅವರಿಗೆ ನಂಬಿಕೆಯಿಲ್ಲ. ಇದನ್ನು ಕಂಡು ಮೊಮ್ಮಕ್ಕಳು ನಗುತ್ತಾರೆ. ಆದರೆ ಮಹಾಶಯರ ಈ ಚಟಕ್ಕೆ ಕಾರಣವಿಲ್ಲದಿಲ್ಲ.

ಅವರ ಎಳೆಯ ವಯಸ್ಸಿನಲ್ಲಿ ಆ ದೇಶದಲ್ಲಿ ಟೆಲಿವಿಷನ್ನೇ ಇರಲಿಲ್ಲ. ಬಡತನದಿಂದಲ್ಲ, ಚಿನ್ನದ ಗಣಿಗಳ ನಾಡು ಅದು. ಅಂಚೆ ತಂತಿ ಇಲಾಖೆಯ ಮಂತ್ರಿಯಾಗಿದ್ದ ಆಲ್ಬರ್ಟ್ ಹರ್ಟ್ಸಾಗ್ ಅದನ್ನು ಸೈತಾನನ ಪೆಟ್ಟಿಗೆಯೆಂದು ಜರೆದು ಬಾಗಿಲಿಗೆ ಅಡ್ಡ ನಿಂತಿದ್ದ. ಪರದೇಶದ ಚಿತ್ರಗಳಲ್ಲಿ ಕರಿಯರೂ ಬಿಳಿಯರೂ ಒಂದೇ ಮೇಜಿನ ಮುಂದೆ ಕುಳಿತುದನ್ನು ಕಂಡರೆ ಜನರ ಮನಸ್ಸು ಕೆಡುವುದೆಂಬ ಅಂಜಿಕೆ. 1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟುದನ್ನು ಜಗತ್ತೆಲ್ಲ ಮನೆಯಲ್ಲಿ ಕುಳಿತು ನೋಡಿದಾಗ, ದಕ್ಷಿಣ ಆಫ್ರಿಕದವರು ರೇಡಿಯೋಕ್ಕೆ ಕಿವಿ ಹಚ್ಚಿದ್ದರು. ಅದರ ಚಿತ್ರಸುರುಳಿಯನ್ನು ಆಮೇಲೆ ಜೋಹಾನ್ಸ್‌ಬರ್ಗಿನ ತಾರಾಲಯದಲ್ಲಿ ತೋರಿಸಿದರು. ನೋಡಲು ಜನ ಸಾಲುಗಟ್ಟಿ ನಿಂತರು.

ಅದೇ ಕಾಲಕ್ಕೆ ಆ ದೇಶದ ಕ್ರಿಕೆಟ್ ತಂಡ ಉತ್ತುಂಗಕ್ಕೇರಿದುದು ವಿಧಿವಿಲಾಸ. 1970ರ ಆರಂಭದಲ್ಲಿ ಆಸ್ಟ್ರೇಲಿಯದವರು ಬಂದು ಆಡಿದ ನಾಲ್ಕು ಟೆಸ್ಟುಗಳಲ್ಲಿ ನಾಲ್ಕನ್ನೂ ಸೋತುಹೋದರು. ಡರ್ಬಾನಿನಲ್ಲಿ ಬ್ಯಾರಿ ರಿಚರ್ಡ್ಸ್ 140 ರನ್ನು ಹೊಡೆದು ಹೋದ ಮೇಲೆ ಗ್ರೇಮ್ ಪೊಲಾಕ್ 274 ಹೊಡೆದ. ಆ 274 ರನ್ನುಗಳನ್ನು ಮನೆಯಲ್ಲಿ ಕುಳಿತು ಕಣ್ಣಾರೆ ಕಂಡವರು ಇಡೀ ದೇಶದಲ್ಲಿ ಒಬ್ಬರೂ ಇಲ್ಲ. ಕೇಳಿದವರು ಲಕ್ಷಾಂತರ. ರೇಡಿಯೋದಲ್ಲಿ ಚಾರ್ಲ್ಸ್ ಫಾರ್ಚೂನ್ ಎಂಬ ಪ್ರಸಿದ್ಧ ವೀಕ್ಷಕವಿವರಣಕಾರರಿದ್ದರು. ಆಟದ ನಡುವೆ ಗಾಳಿ, ಮೋಡ, ನೋಟಗಳ ವರ್ಣನೆಯಲ್ಲಿ ನಿಧಾನವಾಗಿ ವಿಹರಿಸಿ ಬರುವುದು ಅವರ ವಾಡಿಕೆ. ಮಹಾಶಯರಿಗೆ ಪೊಲಾಕನ ಕವರ್ ಡ್ರೈವ್ ಇಂದಿಗೂ ಕಣ್ಣಿಗೆ ಕಟ್ಟಿದೆ. ಅದು ಕಿವಿಯ ಮೂಲಕ ಕಣ್ಣಿಗೆ ಬಂದು ಕುಳಿತದ್ದು.

ಅಷ್ಟರಲ್ಲಿ ಬಾಗಿಲು ಮುಚ್ಚಿತು. ಕೇಪ್‌ಟೌನಿನಲ್ಲಿ ಹುಟ್ಟಿಯೂ ಮೈಬಣ್ಣದ ಕಾರಣದಿಂದ ತನ್ನ ನಾಡಿಗೆ ಆಡಲಾರದೆ ಇಂಗ್ಲೆಂಡಿಗೆ ಹೋಗಿದ್ದ ಬೇಸಿಲ್ ಡಾಲಿವೇರಾ, 1968ರಲ್ಲಿ ಓವಲ್ ಮೈದಾನದಲ್ಲಿ 158 ರನ್ನು ಗಳಿಸಿ ಇಂಗ್ಲೆಂಡಿನ ತಂಡದೊಡನೆ ತಾಯ್ನಾಡಿಗೆ ಬರುವವನಿದ್ದ. ಪ್ರಧಾನಿ ಫೋರ್ಸ್ಟರ್ ಆ ತಂಡವನ್ನು ಒಲ್ಲೆನೆಂದ, ಪ್ರವಾಸ ರದ್ದಾಯಿತು. ಅಲ್ಲಿಂದ ಮುಂದೆ ಒಂದೊಂದೇ ದೇಶ ಬೆನ್ನು ತಿರುಗಿಸಿ, 1970ರ ಆ ಸರಣಿಯೇ ಕಡೆಯದಾಯಿತು. ರಿಚರ್ಡ್ಸನ ಟೆಸ್ಟ್ ಬಾಳು ನಾಲ್ಕೇ ಪಂದ್ಯಗಳಲ್ಲಿ 508 ರನ್ನುಗಳೊಡನೆ ಮುಗಿಯಿತು. 1976ರ ಜನವರಿ 5ರಂದು ಕೊನೆಗೂ ಆ ದೇಶಕ್ಕೆ ಟೆಲಿವಿಷನ್ ಬಂದಿತು. ಅದರಲ್ಲಿ ತೋರಿಸಲು ಟೆಸ್ಟ್ ಪಂದ್ಯವೇ ಇರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿ ತೋರಿಸಿದ ಸರಕಾರ ಬೇರೊಂದಿರಲಾರದು. ನಡುವೆ ಹಣ ಚೆಲ್ಲಿ ಕರೆಸಿದ ಬಂಡುಕೋರ ತಂಡಗಳು ಬಂದುವು, ಹೋದುವು. ಅವುಗಳ ಮಾತೆತ್ತಿದರೆ ಮಹಾಶಯರು ಬಿಲ್ಟಾಂಗ್ ಜಗಿಯುವುದರಲ್ಲಿ ಮಗ್ನರಾಗುತ್ತಾರೆ.

ಇಷ್ಟೆಲ್ಲ ಕಳೆದುಕೊಂಡದ್ದು ಬಿಳಿಯ ರಸಿಕರು ಮಾತ್ರ ಎಂದು ತಿಳಿದರೆ ತಪ್ಪಾದೀತು. ಅದೇ ಮೈದಾನಗಳಲ್ಲಿ ಬೇಲಿ ಹಾಕಿದ ಪ್ರತ್ಯೇಕ ಜಾಗದಲ್ಲಿ ಇನ್ನೊಬ್ಬ ರಸಿಕ ನಿಂತಿರುತ್ತಿದ್ದ. ಅವನೂ ಆ ಆಟವನ್ನು ಪ್ರೀತಿಸುತ್ತಿದ್ದವನೇ. ಆದರೆ ಬಂದ ತಂಡ ಯಾವುದಾದರೂ ಸರಿ, ಅದು ಗೆಲ್ಲಲೆಂದು ಕೂಗುತ್ತಿದ್ದ. ತನ್ನವರನ್ನು ಸೇರಿಸಿಕೊಳ್ಳದ ತಂಡವನ್ನು ತನ್ನದೆನ್ನುವುದು ಹೇಗೆ? ಮಹಾಶಯರಿಗೆ ಪ್ರಾಯದಲ್ಲಿ ಆ ಕೂಗು ಒಗಟಾಗಿತ್ತು. ಒಗಟು ಬಿಡಿಸಿಕೊಳ್ಳಲು ಬಹಳ ವರ್ಷ ಬೇಕಾಯಿತೆಂದು ಈಗ ಒಪ್ಪಿಕೊಳ್ಳುತ್ತಾರೆ.

ಬಾಗಿಲು ಮತ್ತೆ ತೆರೆದದ್ದು ಭಾರತದಲ್ಲಿ. 1991ರ ನವೆಂಬರ್ 10ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನ ಕಿಕ್ಕಿರಿದು ತುಂಬಿತ್ತು. ದಕ್ಷಿಣ ಆಫ್ರಿಕದ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿನ ಜನ ಬೆಳಗಿನ ಜಾವದ ನಿದ್ದೆ ಬಿಟ್ಟು ಪೆಟ್ಟಿಗೆಯ ಮುಂದೆ ಕುಳಿತರು. ಆಲನ್ ಡೊನಾಲ್ಡ್ ಐದು ವಿಕೆಟ್ಟು ಕಿತ್ತರೂ ಗೆದ್ದದ್ದು ಭಾರತ. ಚಂದ್ರನ ಮೇಲೆ ನಿಂತಾಗ ಆರ್ಮ್‌ಸ್ಟ್ರಾಂಗನಿಗೆ ಏನನ್ನಿಸಿತೆಂಬುದು ತನಗೀಗ ತಿಳಿಯಿತೆಂದು ನಾಯಕ ಕ್ಲೈವ್ ರೈಸ್ ಹೇಳಿದ ಮಾತು ಪ್ರಸಿದ್ಧವಾಗಿದೆ. ಆರ್ಮ್‌ಸ್ಟ್ರಾಂಗನ ಆ ಹೆಜ್ಜೆಯನ್ನು ರೇಡಿಯೋದಲ್ಲಿ ಕೇಳಿದ್ದ ದೇಶ, ರೈಸನ ಹೆಜ್ಜೆಯನ್ನು ಮಾತ್ರ ಕಣ್ಣಾರೆ ಕಂಡಿತು.

ಮರುವರ್ಷ ಭಾರತದವರು ಅಲ್ಲಿಗೆ ಹೋದರು. ಪೊಲಾಕ್ 274 ಹೊಡೆದ ಅದೇ ಡರ್ಬಾನಿನ ಕಿಂಗ್ಸ್‌ಮೀಡ್ ಮೈದಾನದಲ್ಲಿ 40 ವರ್ಷದ ಒಮರ್ ಹೆನ್ರಿ, ಬಿಳಿಯನಲ್ಲದ ಆಟಗಾರ, ತನ್ನ ಮೊದಲ ಟೆಸ್ಟನ್ನಾಡಿದ. ಅದೇ ಪಂದ್ಯದಲ್ಲಿ ಜಾಂಟಿ ರೋಡ್ಸ್ ಎಸೆದ ಚೆಂಡು ಬಂದಾಗ ಸಚಿನ್ ತೆಂಡೂಲ್ಕರ್ ಗೆರೆ ಮುಟ್ಟಿದ್ದನೋ ಇಲ್ಲವೋ ಎಂಬ ಸಂಶಯ ಬಂದು, ಅಂಪೈರು ಗಾಳಿಯಲ್ಲಿ ಚೌಕ ಬರೆದು ಒಳಗೆ ಟೆಲಿವಿಷನ್ನಿನ ಮುಂದೆ ಕುಳಿತಿದ್ದ ಮೂರನೆಯ ಅಂಪೈರನ್ನು ಕೇಳಿದ. ಹಾಗೆ ಔಟಾದವರಲ್ಲಿ ಜಗತ್ತಿನಲ್ಲೇ ತೆಂಡೂಲ್ಕರ್ ಮೊದಲಿಗ. ಟೆಲಿವಿಷನ್ನನ್ನು ಸೈತಾನನೆಂದ ದೇಶದಲ್ಲಿಯೇ ಟೆಲಿವಿಷನ್ ನ್ಯಾಯಪೀಠವನ್ನೇರಿತು! ಅದೇ ಪ್ರವಾಸದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಜೋಹಾನ್ಸ್‌ಬರ್ಗಿನಲ್ಲಿ 53 ರನ್ನಿಗೆ ಆರು ವಿಕೆಟ್ಟು ಪಡೆದರೆಂಬುದನ್ನು ಕನ್ನಡಿಗರು ಮರೆತಿರಲಾರರು.

ಕಣ್ಣು ಬಂದ ಮೇಲೆ ಮಹಾಶಯರು ನೋಡಿದ್ದೇನು? ಎದೆಯೊಡೆಯುವುದನ್ನೇ ಹೆಚ್ಚಾಗಿ ನೋಡಿದರು. 1992ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ ಸಿಡ್ನಿಯಲ್ಲಿ. ಇತ್ತ ಭಾನುವಾರದ ಊಟದ ಹೊತ್ತು. 13 ಎಸೆತಗಳಲ್ಲಿ 22 ರನ್ನು ಬೇಕಿದ್ದಾಗ ಮಳೆ ಬಂತು. ಮಳೆ ನಿಂತ ಮೇಲೆ ಫಲಕದ ಮೇಲೆ ಮೂಡಿದ್ದು: ಒಂದು ಎಸೆತ, 22 ರನ್ನು. ಬೇಕಿದ್ದುದು 22 ಅಲ್ಲ, 21 ಎಂದು ಆಮೇಲೆ ತಿಳಿಯಿತು. ಆ ರಿಯಾಯಿತಿಯಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. 1999ರಲ್ಲಿ ಎಡ್ಜ್‌ಬಾಸ್ಟನ್ನಿನಲ್ಲಿ ಒಂದೇ ಒಂದು ರನ್ನು ಬೇಕಾಗಿದ್ದಾಗ ಕ್ಲೂಸ್ನರ್ ಓಡಿದ, ಡೊನಾಲ್ಡ್ ಓಡಲಿಲ್ಲ. ಡೊನಾಲ್ಡ್ ಓಡಿದಾಗ ಕೈಯಲ್ಲಿ ಬ್ಯಾಟಿರಲಿಲ್ಲ. 2003ರಲ್ಲಿ ಡರ್ಬಾನಿನ ಮಳೆಯಲ್ಲಿ ಬೌಚರ್ ಗೆದ್ದೆವೆಂದು ತಿಳಿದು ಕಡೆಯ ಚೆಂಡನ್ನು ತಡೆದು ನಿಲ್ಲಿಸಿದ. ಲೆಕ್ಕದಲ್ಲಿ ಒಂದು ರನ್ನು ಕಡಿಮೆಯಾಗಿತ್ತು. ಗಣಿತದ ಮೇಷ್ಟರಿಗೆ ಆ ದೇಶದಲ್ಲಿ ವಿಶೇಷ ಗೌರವ ಸಲ್ಲಬೇಕು. 2006ರಲ್ಲಿ ಆಸ್ಟ್ರೇಲಿಯದ 434ನ್ನು 438ರಿಂದ ಹಿಂದೆ ಹಾಕಿದ ದಿನವೂ ಉಂಟು, ನಿಜ. ಆ ದಿನ ಅರ್ಧ ಆಟ ಮುಗಿಯುತ್ತಲೇ ಬೇಸತ್ತು ಪೆಟ್ಟಿಗೆಯನ್ನು ಆರಿಸಿ ಮಲಗಿದವರ ಪೈಕಿ ಮಹಾಶಯರೂ ಒಬ್ಬರು. ಈ ವಿಷಯವನ್ನು ಅವರು ಮೊಮ್ಮಕ್ಕಳಿಗೆ ಹೇಳಿಲ್ಲ.

ಆಸ್ಟ್ರೇಲಿಯದಲ್ಲಿ ಟೆಸ್ಟ್ ನಡೆದರೆ ಅವರಿಗೆ ನಡುರಾತ್ರಿಯ ಜಾಗರಣೆ. ಭಾರತದಲ್ಲಾದರೆ ಬೆಳಗಿನ ಕಾಫಿಗೆ ಮೊದಲೇ ಆಟ. 2009ರಲ್ಲಿ ಮಾತ್ರ ಈ ಲೆಕ್ಕ ತಿರುಗುಮುರುಗಾಯಿತು. ಭಾರತದಲ್ಲಿ ಮಹಾಚುನಾವಣೆಯಿದ್ದುದರಿಂದ ಐ.ಪಿ.ಎಲ್. ಪಂದ್ಯಾವಳಿಯೇ ದಕ್ಷಿಣ ಆಫ್ರಿಕಕ್ಕೆ ವಲಸೆ ಹೋಯಿತು. ಮಲ್ಲೇಶ್ವರ, ಜಯನಗರಗಳ ಮನೆಗಳಲ್ಲಿ ರಾತ್ರಿ ಎಂಟಕ್ಕೆ ಟೆಲಿವಿಷನ್ ಹಚ್ಚಲು ಅನುಕೂಲವಾಗಲೆಂದು ಅಲ್ಲಿಯವರು ಸಂಜೆ ನಾಲ್ಕೂವರೆಗೇ ಆಟಕ್ಕಿಳಿದರು. ಕೇಪ್‌ಟೌನಿನಲ್ಲಿ ಕುಂಬ್ಳೆ 5 ರನ್ನಿಗೆ 5 ವಿಕೆಟ್ಟು ಕಿತ್ತರು. ಜೋಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು 6 ರನ್ನುಗಳಿಂದ ಸೋತಿತು. ಸೆಂಚೂರಿಯನ್ನಿನ ಮಗನೆಂದೇ ಹೇಳಬೇಕಾದ ಎ.ಬಿ. ಡಿವಿಲಿಯರ್ಸ್ 2011ರಿಂದ ಬೆಂಗಳೂರಿನವನಾದ. ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಸಾವಿರಾರು ಜನ ಅವನ ಹೆಸರು ಕೂಗುವುದನ್ನು ಮಹಾಶಯರು ಟೆಲಿವಿಷನ್ನಿನಲ್ಲಿ ನೋಡಿ, ಇಷ್ಟು ಗದ್ದಲ ಸೆಂಚೂರಿಯನ್ನಿನಲ್ಲಿ ಎಂದೂ ಕೇಳಿಲ್ಲವೆಂದು ಸ್ವಲ್ಪ ಅಸೂಯೆಪಟ್ಟರು.

ಇದರ ಮೇಲೆ ವಿದ್ಯುತ್ತಿನ ಕಾಟ. 2022, 2023ರಲ್ಲಿ ಆ ನಾಡಿನಲ್ಲಿ ಸರದಿಯ ಮೇಲೆ ಗಂಟೆಗಟ್ಟಲೆ ದೀಪ ಆರಿಸುತ್ತಿದ್ದರು. ಅದಕ್ಕೆ ಅಲ್ಲಿಯೂ ಲೋಡ್‌ಶೆಡ್ಡಿಂಗ್ ಎಂದೇ ಹೆಸರು, ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಪಂದ್ಯದ ವೇಳಾಪಟ್ಟಿಯ ಪಕ್ಕದಲ್ಲಿ ಕತ್ತಲೆಯ ವೇಳಾಪಟ್ಟಿಯನ್ನೂ ಇಟ್ಟುಕೊಂಡು ಯಾವ ನೆಂಟರ ಮನೆಯಲ್ಲಿ ಬೆಳಕಿದೆಯೆಂದು ನೋಡಿ ಹೊರಡಬೇಕಾಗಿತ್ತು. ಆಗಲೂ ಕೆಂಡಕ್ಕೆ ವಿದ್ಯುತ್ತು ಬೇಡವಾದ್ದರಿಂದ ಬ್ರಾಯ್ ನಿಲ್ಲಲಿಲ್ಲ.

2021ರ ಡಿಸೆಂಬರಿನಲ್ಲಿ ಹುಲ್ಲುದಿಬ್ಬ ಬರಿದಾಗಿತ್ತು. ಸಾಂಕ್ರಾಮಿಕದ ಭಯದಿಂದ ಪ್ರೇಕ್ಷಕರನ್ನು ಬಿಡಲಿಲ್ಲ. ಕರ್ನಾಟಕದ ಕೆ.ಎಲ್. ರಾಹುಲ್ 123 ರನ್ನು ಗಳಿಸಿ ಭಾರತಕ್ಕೆ ಗೆಲುವಿನ ದಾರಿ ತೋರಿದಾಗ ಚಪ್ಪಾಳೆ ತಟ್ಟಿದ್ದು ತಂಡದವರು ಮಾತ್ರ. ಅನತಿದೂರದ ತಮ್ಮ ಮನೆಯಲ್ಲಿ ಮಹಾಶಯರು ಅದನ್ನು ಪೆಟ್ಟಿಗೆಯಲ್ಲಿ ಕಂಡು, ಖಾಲಿ ದಿಬ್ಬದ ಮೇಲೆ ತಾವು ಕೂರುವ ಜಾಗವನ್ನು ಹುಡುಕಿದರು. ಎರಡೇ ವಾರಗಳಲ್ಲಿ ಕೇಪ್‌ಟೌನಿನ ಟೆಸ್ಟಿನಲ್ಲಿ ಚೆಂಡಿನ ಜಾಡು ತೋರಿಸುವ ಟೆಲಿವಿಷನ್ ಯಂತ್ರ ಡೀನ್ ಎಲ್ಗರನನ್ನು ಉಳಿಸಿತು. ಸಿಟ್ಟಿಗೆದ್ದ ಭಾರತದ ಆಟಗಾರರು ವಿಕೆಟ್ಟಿನ ಬುಡದ ಮೈಕಿನ ಹತ್ತಿರ ಹೋಗಿ ಪ್ರಸಾರ ಮಾಡುವವರನ್ನೇ ಮೂದಲಿಸಿದರು. ಹನ್ನೊಂದು ಜನರ ವಿರುದ್ಧ ಇಡೀ ದೇಶವೇ ಆಡುತ್ತಿದೆಯೆಂದ ದನಿ ರಾಹುಲನದು. ಮಹಾಶಯರಿಗೆ ನಗು ತಡೆಯಲಾಗಲಿಲ್ಲ. ಟೆಲಿವಿಷನ್ನಿನೊಡನೆ ಜಗಳವಾಡುವುದು ತಮ್ಮೊಬ್ಬರ ಹಕ್ಕೆಂದು ಅವರು ತಿಳಿದಿದ್ದರು.

2024ರ ಜೂನ್ 29ರಂದು ಆ ಜಗಳಕ್ಕೆ ಅವರ ಸರದಿ. ಬಾರ್ಬಡೋಸಿನ ಅಂತಿಮ ಪಂದ್ಯದಲ್ಲಿ 30 ಎಸೆತಗಳಲ್ಲಿ 30 ರನ್ನು ಸಾಕಾಗಿದ್ದ ಆಟ, ಸೂರ್ಯಕುಮಾರ ಗಡಿಗೆರೆಯ ಮೇಲೆ ಕುಣಿದು ಹಿಡಿದ ಒಂದು ಕ್ಯಾಚಿನಲ್ಲಿ ಮುಳುಗಿತು. ಕಾಲು ಗೆರೆಗೆ ತಗುಲಿತೇ, ಗೆರೆಯ ಮೆತ್ತೆ ಮೊದಲೇ ಸರಿದಿತ್ತೇ ಎಂದು ಅವರು ಆ ಚಿತ್ರವನ್ನು ಎಷ್ಟು ಸಲ ನೋಡಿದರೋ! ತೀರ್ಪು ಬದಲಾಗಲಿಲ್ಲ, 7 ರನ್ನಿನ ಸೋಲು ಹಾಗೆಯೇ ಉಳಿಯಿತು.

ಮರುವರ್ಷ ಜೂನ್ 14, ಶನಿವಾರ. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ವಿಶ್ವ ಟೆಸ್ಟ್ ಪ್ರಶಸ್ತಿಯ ಪಂದ್ಯ. ಆಸ್ಟ್ರೇಲಿಯ ಒಡ್ಡಿದ 282 ರನ್ನುಗಳ ಬೆನ್ನು ಹತ್ತಿ ಮಾರ್ಕ್ರಮ್ 136 ಹೊಡೆದಿದ್ದ. ನಾಯಕ ಟೆಂಬಾ ಬವುಮಾ ನೊಂದ ಕಾಲನ್ನೆಳೆಯುತ್ತಲೇ 66 ಕೂಡಿಸಿದ್ದ. ಮಹಾಶಯರು ಕುರ್ಚಿಯಿಂದ ಕದಲಲಿಲ್ಲ. ಮಳೆಯೋ ಲೆಕ್ಕವೋ ಕತ್ತಲೆಯೋ ಬಂದೇ ಬರುವುದೆಂದು ಕಾದರು. ಯಾವುದೂ ಬರಲಿಲ್ಲ. ಐದು ವಿಕೆಟ್ಟುಗಳ ಗೆಲುವು ಬಂತು.

ಬವುಮಾ ಬೆಳೆದದ್ದು ಕೇಪ್‌ಟೌನಿನ ಲಾಂಗಾದಲ್ಲಿ. ಕರಿಯರಿಗೆಂದು 1920ರ ದಶಕದಲ್ಲಿ ಕಟ್ಟಿದ ಬೇರೆ ಬಡಾವಣೆ ಅದು. ಬೇಲಿಯೊಳಗೆ ನಿಂತು ಎದುರಾಳಿಗೆ ಜಯಕಾರ ಹಾಕಿದವರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿ ರಸ್ತೆಗಳು ಕೂಡುವ ಒಂದು ಚೌಕದಲ್ಲಿ ಹುಡುಗರು ಆಡುತ್ತಿದ್ದರಂತೆ. ಬಲಗಡೆಯ ಬೀದಿಯ ಡಾಂಬರು ಕೆಟ್ಟು ಚೆಂಡು ಅಡ್ಡಾದಿಡ್ಡಿಯಾಗಿ ಪುಟಿಯುತ್ತಿದ್ದುದರಿಂದ ಅದಕ್ಕೆ ಕರಾಚಿ ಎಂದು ಹೆಸರು. ಇನ್ನೊಂದು ಬೀದಿ ಮೆಲ್ಬೋರ್ನ್. ಆ ಹೆಸರುಗಳು ಲಾಂಗಾದ ಮಕ್ಕಳಿಗೆ ಯಾವ ಪೆಟ್ಟಿಗೆಯಿಂದ ಸಿಕ್ಕಿರಬೇಕೆಂದು ಊಹಿಸುವುದು ಕಷ್ಟವಲ್ಲ. ಹತ್ತು ವರ್ಷದ ಟೆಂಬಾನಿಗೆ ಮೂರನೆಯ ಬೀದಿಯೇ ಇಷ್ಟ. ಅದರ ಡಾಂಬರು ನುಣುಪಾಗಿತ್ತು, ಅಂಚು ಚೊಕ್ಕಟವಾಗಿತ್ತು. ಅದನ್ನು ಹುಡುಗರು ಲಾರ್ಡ್ಸ್ ಎಂದು ಕರೆಯುತ್ತಿದ್ದರು.